ಇದು ಇಷ್ಟು ದಿನ ಏಕೆ ಆಗಿರಲಿಲ್ಲ?

ಕಂಪ್ಯೂಟರ್ ವಿಜ್ಞಾನದ ಪದವಿ ಓದುವವರಿಗೆ ಕೊನೆಯ ವರ್ಷಗಳ ಹೊತ್ತಿಗೆ 'ಉದಯೋನ್ಮುಖ ತಂತ್ರಜ್ಞಾನಗಳು' ಎಂಬ ವಿಷಯವೊಂದು ಎದುರಾಗುತ್ತದೆ. ಇಡೀ ಪಠ್ಯಕ್ರಮದಲ್ಲಿ ಎಲ್ಲಕ್ಕಿಂತ ಬೇಗ ಹಳಸುವ ವಿಷಯ ಅದು. ಸಮಿತಿ ಸಭೆ ಸೇರಿ, ಪಟ್ಟಿ ಮಾಡಿ, ಒಪ್ಪಿಗೆ ಪಡೆದು, ತರಗತಿಯವರೆಗೆ ತಲುಪುವಷ್ಟರಲ್ಲಿ ಪಟ್ಟಿಯ ಒಂದಿಷ್ಟು ಹೆಸರುಗಳು ಸದ್ದಡಗಿ ಮೂಲೆ ಸೇರಿರುತ್ತವೆ. ಇನ್ನೊಂದಿಷ್ಟು ದಿನಬಳಕೆಗೆ ಇಳಿದು ಯಾರ ಗಮನಕ್ಕೂ ಬಾರದಂತಾಗಿರುತ್ತವೆ. ಕ್ಲೌಡ್ ಕಂಪ್ಯೂಟಿಂಗ್ ಅನ್ನು ಇವತ್ತು ಯಾರಾದರೂ ಹೊಸ ತಂತ್ರಜ್ಞಾನ ಎಂದರೆ ನಗು ಬರುತ್ತದೆ. ಆದರೂ ಅದರ ಲಾಭಗಳನ್ನು ಪಟ್ಟಿ ಮಾಡಿ ಎಂದು ಪ್ರಶ್ನೆಪತ್ರಿಕೆ ಕೇಳುವುದು ಮಾತ್ರ ನಿಂತಿಲ್ಲ.

ಸೆಮಿನಾರ್‌ಗಳಿಗೂ ಒಂದು ಸಿದ್ಧ ಅಚ್ಚು ಇದೆ. ಮೊದಲ ಸ್ಲೈಡಿನಲ್ಲಿ ವಿಷಯದ ಹೆಸರು. ಎರಡನೆಯದರಲ್ಲಿ ಗಾರ್ಟ್ನರ್ ಸಂಸ್ಥೆ 1995ರಿಂದ ಪ್ರಕಟಿಸುತ್ತಿರುವ ಆ ಪ್ರಸಿದ್ಧ ವಕ್ರರೇಖೆ: ನಿರೀಕ್ಷೆಯ ಶಿಖರಕ್ಕೆ ಏರಿ, ನಿರಾಸೆಯ ಕಣಿವೆಗೆ ಜಾರಿ, ಮತ್ತೆ ನಿಧಾನವಾಗಿ ಮೇಲೇಳುವ ಗೆರೆ. ಆ ನಕ್ಷೆಯ ಅಡ್ಡ ಅಕ್ಷದಲ್ಲಿ 'ಕಾಲ' ಎಂದು ಬರೆದಿರುತ್ತದೆ, ಅಳತೆ ಇರುವುದಿಲ್ಲ. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಅಳತೆಯಿಲ್ಲದ ಅಕ್ಷ ಬರೆದರೆ ಅಂಕ ಕಳೆಯುತ್ತಾರೆ. ಸೆಮಿನಾರ್‌ನಲ್ಲಿ ಬರೆದರೆ ಚಪ್ಪಾಳೆ ಸಿಗುತ್ತದೆ.

ಈ ಅಚ್ಚನ್ನು ಮುರಿದವರು ನಮ್ಮ ಅಧ್ಯಾಪಕರೊಬ್ಬರು. ಯಾವ ವಿಷಯವೇ ಇರಲಿ, ಸೆಮಿನಾರ್ ಮುಗಿದ ಮೇಲೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇಷ್ಟೊಂದು ಒಳ್ಳೆಯದಾಗಿದ್ದರೆ ಇದು ಇಷ್ಟು ದಿನ ಏಕೆ ಆಗಿರಲಿಲ್ಲ?" ಆಗ ಯಾರಿಗೂ ಹೊಳೆದಿರಲಿಲ್ಲ ಸರ್ ಎಂದು ತಪ್ಪಿಸಿಕೊಳ್ಳಲು ನೋಡಿದವರಿಗೆ, "ಯಾರಿಗಾದರೂ ಹೊಳೆದೇ ಇರುತ್ತದೆ. ಅವರನ್ನು ತಡೆದದ್ದು ಏನು ಎಂದು ಹುಡುಕಿಕೊಂಡು ಬನ್ನಿ" ಎನ್ನುತ್ತಿದ್ದರು. ಮೊದಮೊದಲು ಇದು ವಿದ್ಯಾರ್ಥಿಗಳನ್ನು ಕಾಡಿಸುವ ಚಟವೆಂದೇ ಎಲ್ಲರೂ ಭಾವಿಸಿದ್ದೆವು. ಪದವಿ ಮುಗಿಯುವ ಹೊತ್ತಿಗೆ, ನಾನು ಕಲಿತ ಸಂಶೋಧನಾ ವಿಧಾನವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಬೆಳೆದಿದೆ ಎಂಬುದು ಸ್ಪಷ್ಟವಾಗಿತ್ತು.

ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಬೆನ್ನಲ್ಲಿರುವ, ಹಲವರು ಹಂಚಿಕೊಂಡು ಇಡುವ ಲೆಕ್ಕದ ಪುಸ್ತಕ ಬ್ಲಾಕ್‌ಚೈನ್. ಅದರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಹೊರಬಂದ ಬಿಟ್‌ಕಾಯಿನ್ ಪ್ರಬಂಧ ಕೇವಲ ಒಂಬತ್ತು ಪುಟಗಳದ್ದು. ಅದರ ಬಗ್ಗೆ ಮಾತನಾಡುವವರಲ್ಲಿ ಹೆಚ್ಚಿನವರು ಅದನ್ನು ಓದಿಲ್ಲ. ಓದಿದವರಲ್ಲೂ ಕೊನೆಯ ಪುಟದ ಉಲ್ಲೇಖಗಳ ಪಟ್ಟಿಯವರೆಗೆ ಹೋದವರು ಕಡಿಮೆ. ನನಗೆ ಎಲ್ಲಕ್ಕಿಂತ ರುಚಿಸಿದ್ದು ಆ ಪಟ್ಟಿಯೇ. ಅಲ್ಲಿರುವುದು ಎಂಟು ಉಲ್ಲೇಖಗಳು. ಅವುಗಳಲ್ಲಿ ಮೂರು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಅವರ ಕೆಲಸಕ್ಕೆ ಸೇರಿದವು. ಡಿಜಿಟಲ್ ದಾಖಲೆಯೊಂದು ಇಂಥ ದಿನ ಇದ್ದೇ ಇತ್ತು, ಆಮೇಲೆ ಯಾರೂ ತಿದ್ದಿಲ್ಲ ಎಂದು ಸಾಬೀತು ಮಾಡುವುದು ಹೇಗೆ ಎಂದು ಇವರಿಬ್ಬರು 1991ರಲ್ಲೇ ಬರೆದಿದ್ದರು. ಪ್ರತಿ ದಾಖಲೆಯ ಹ್ಯಾಶ್ ಅನ್ನು, ಅಂದರೆ ದಾಖಲೆಯಿಂದಲೇ ಲೆಕ್ಕ ಹಾಕಿ ಪಡೆದ ಬೆರಳಚ್ಚಿನಂಥ ಚಿಕ್ಕ ಸಂಖ್ಯೆಯನ್ನು, ಹಿಂದಿನದಕ್ಕೆ ಹೆಣೆಯುತ್ತ ಹೋಗುವ ಸರಪಳಿ ಅಲ್ಲಿದೆ. ಅವರು ಕಟ್ಟಿದ ಸಂಸ್ಥೆ 1995ರಿಂದ ಆ ಸರಪಳಿಯ ಹ್ಯಾಶ್ ಮೌಲ್ಯವನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಅಚ್ಚು ಹಾಕಿಸುತ್ತಿತ್ತು. ಊರೂರಿಗೆ ಹಂಚಿಹೋದ ಪತ್ರಿಕೆಯ ಪ್ರತಿಗಳನ್ನೆಲ್ಲ ಯಾರೂ ತಿದ್ದಲಾರರಷ್ಟೆ. ಉಲ್ಲೇಖಗಳಲ್ಲಿ ಗೂಢಲಿಪಿಯ ಬಗ್ಗೆ ರಾಲ್ಫ್ ಮರ್ಕಲ್ ಬರೆದ 1980ರ ಪ್ರಬಂಧವಿದೆ. ಕಸ-ಮಿಂಚಂಚೆ ತಡೆಯಲೆಂದು ಆ್ಯಡಮ್ ಬ್ಯಾಕ್ ರೂಪಿಸಿದ ಹ್ಯಾಶ್‌ಕ್ಯಾಶ್ ಇದೆ. ಸಂಭವನೀಯತೆಯ ಪಠ್ಯಪುಸ್ತಕವೊಂದೂ ಇದೆ.

ಅಂದರೆ ಸಾಮಗ್ರಿ ಎಲ್ಲವೂ ಇತ್ತು. ಹಾಗಾದರೆ ತಡೆದದ್ದು ಏನು? ಅದೇ ಹಣವನ್ನು ಒಬ್ಬ ಎರಡು ಕಡೆ ಖರ್ಚು ಮಾಡದಂತೆ ನೋಡಿಕೊಳ್ಳಲು ಎಲ್ಲರೂ ನಂಬುವ ಒಬ್ಬ ಲೆಕ್ಕಿಗ ಬೇಕಾಗಿತ್ತು. ಯಾರು ಬೇಕಾದರೂ ಬರಬಹುದಾದ, ಯಾರನ್ನೂ ನಂಬಲಾಗದ ಜಾಲದಲ್ಲಿ ಆ ಲೆಕ್ಕಿಗನ ಜಾಗವನ್ನು ತುಂಬುವುದು ಹೇಗೆಂದು ತಿಳಿದಿರಲಿಲ್ಲ. ಬಿಟ್‌ಕಾಯಿನ್ ಅದಕ್ಕೆ ಕಂಪ್ಯೂಟರ್ ದುಡಿಮೆಯನ್ನೂ ಅದಕ್ಕೆ ಸಿಗುವ ಪ್ರತಿಫಲವನ್ನೂ ತಂದು ಜೋಡಿಸಿತು. ಸರಿಸಿದ್ದು ಆ ಒಂದು ತಡೆಯನ್ನು.

ಇಷ್ಟು ಅರ್ಥವಾದರೆ ವಿದ್ಯಾರ್ಥಿಗಳ ಬ್ಲಾಕ್‌ಚೈನ್ ಪ್ರಾಜೆಕ್ಟುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಕುಸಿಯುತ್ತವೆ. ಅತ್ಯಂತ ಜನಪ್ರಿಯವಾದದ್ದು, 'ಬ್ಲಾಕ್‌ಚೈನ್ ಆಧಾರಿತ ಅಂಕಪಟ್ಟಿ ಪರಿಶೀಲನೆ'. ಅಂಕಪಟ್ಟಿ ಕೊಡುವುದು ವಿಶ್ವವಿದ್ಯಾಲಯ. ಅದು ನಿಜವೋ ಸುಳ್ಳೋ ಎಂದು ಹೇಳಬೇಕಾದದ್ದೂ ಅದೇ ವಿಶ್ವವಿದ್ಯಾಲಯ. ಅದನ್ನು ನಂಬದಿದ್ದರೆ ಅಂಕಪಟ್ಟಿಗೇ ಬೆಲೆಯಿಲ್ಲ. ನಂಬುವುದಾದರೆ ಒಂದು ಡಿಜಿಟಲ್ ಸಹಿ, ಜೊತೆಗೆ ರದ್ದಾದ ಅಂಕಪಟ್ಟಿಗಳದ್ದೊಂದು ಪಟ್ಟಿ ಸಾಕು. ಈ ತಂತ್ರ 1970ರ ದಶಕದ್ದು. ಇಲ್ಲಿ ಯಾರು ಯಾರನ್ನು ನಂಬುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಬ್ಲಾಕ್‌ಚೈನ್ ಎಂಬುದು ನಿಧಾನಗತಿಯ ಡೇಟಾಬೇಸ್ ಅಷ್ಟೆ. ಇದನ್ನು ತರಗತಿಯಲ್ಲಿ ಹೇಳಿದಾಗ ಒಂದಿಬ್ಬರು ಗೆಳೆಯರು ಕೆಲವು ದಿನ ಮಾತು ಬಿಟ್ಟಿದ್ದರು, ಇರಲಿ.

ಕೃತಕ ಬುದ್ಧಿಮತ್ತೆಯ ಕಥೆಯಲ್ಲಿ ಇದೇ ಪ್ರಶ್ನೆಗೆ ಇನ್ನೂ ದೊಡ್ಡ ಉತ್ತರ ಸಿಗುತ್ತದೆ. ಫ್ರ್ಯಾಂಕ್ ರೋಸೆನ್‌ಬ್ಲಾಟ್ ಅವರ ಪರ್ಸೆಪ್ಟ್ರಾನ್ ಎಂಬ, ಉದಾಹರಣೆಗಳಿಂದ ಕಲಿಯುವ ಆರಂಭಿಕ ನ್ಯೂರಲ್ ನೆಟ್‌ವರ್ಕ್ ಬಗ್ಗೆ 1958ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತ್ತು. ಮುಂದೊಂದು ದಿನ ನಡೆಯುವ, ಮಾತನಾಡುವ, ನೋಡುವ, ಬರೆಯುವ, ತನ್ನ ಇರವಿನ ಅರಿವೂ ಇರುವ ಯಂತ್ರದ ಭ್ರೂಣ ಇದು ಎಂಬ ನಿರೀಕ್ಷೆ ಅಮೆರಿಕದ ನೌಕಾಪಡೆಗೆ ಇದೆ ಎಂದು ಆ ವರದಿ ಹೇಳಿತು. ಹಲವು ಪದರಗಳ ನ್ಯೂರಲ್ ನೆಟ್‌ವರ್ಕ್‌ಗಳಿಗೆ ಕಲಿಸುವ ಬ್ಯಾಕ್‌ಪ್ರೊಪಗೇಶನ್ ವಿಧಾನವನ್ನು ಜನಪ್ರಿಯಗೊಳಿಸಿದ ರೂಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ಅವರ ಪ್ರಬಂಧ 1986ರದು. ಕೈಬರಹದ ಅಂಕಿಗಳನ್ನು ಗುರುತಿಸುವ ಕನ್ವಲ್ಯೂಶನ್ ಜಾಲವನ್ನು ಯಾನ್ ಲೆಕುನ್ ಮತ್ತು ಸಂಗಡಿಗರು 1989ರಲ್ಲೇ ಓಡಿಸಿ ತೋರಿಸಿದ್ದರು. ಹಾಗಿದ್ದೂ ಜಗತ್ತು ತಿರುಗಿ ನೋಡಿದ್ದು 2012ರಲ್ಲಿ, ಅಲೆಕ್ಸ್‌ನೆಟ್ ಎಂಬ ಅಂಥದೇ ಜಾಲ ಬಂದಾಗ. ಚಿತ್ರದಲ್ಲಿ ಏನಿದೆ ಎಂದು ಗುರುತಿಸುವ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಅದು ಮಾಡಿದ ತಪ್ಪು ಶೇ 15.3. ಎರಡನೇ ಸ್ಥಾನದಲ್ಲಿದ್ದವರದು ಶೇ 26.2.

ಈ ನಡುವಿನ ಕಾಲು ಶತಮಾನದಲ್ಲಿ ಬದಲಾದದ್ದು ಏನೆಂದು ಕೇಳಿದರೆ ಉತ್ತರ ಬೆರಗು ಹುಟ್ಟಿಸುವಷ್ಟು ಲೌಕಿಕವಾಗಿದೆ. ಹೆಸರು ಹಚ್ಚಿದ ಸುಮಾರು 12 ಲಕ್ಷ ಚಿತ್ರಗಳು ಒಂದೆಡೆ ಸಿಕ್ಕವು. ವಿಡಿಯೊ ಗೇಮ್ ಆಡುವವರಿಗೆಂದು ಮಾರುತ್ತಿದ್ದ, ತಲಾ 3 ಜಿಬಿ ಮೆಮೊರಿಯ ಎರಡು ಗ್ರಾಫಿಕ್ಸ್ ಕಾರ್ಡ್‌ಗಳು ಸಿಕ್ಕವು. ಕೆಲವು ಜಾಣ ತಿದ್ದುಪಡಿಗಳೂ ಇದ್ದವು, ಅವನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂಲ ವಿಚಾರ ಅಷ್ಟೂ ವರ್ಷ ಕಾಯುತ್ತ ಕೂತಿತ್ತು.

ಇಂದಿನ ಭಾಷಾ ಮಾದರಿಗಳ ಬುನಾದಿಯಾದ 2017ರ ಟ್ರಾನ್ಸ್‌ಫಾರ್ಮರ್ ನನಗೆ ಅರ್ಥವಾದದ್ದು ಕಂಪ್ಯೂಟರ್ ಆರ್ಕಿಟೆಕ್ಚರ್ ಪುಸ್ತಕದ ಮೂಲಕ. ಈ ಮಾತಿಗೆ ಮೊದಲು ಗೆಳೆಯರು ನಕ್ಕರು. ಅದಕ್ಕೂ ಮುಂಚಿನ ಭಾಷಾ ಮಾದರಿಗಳು ವಾಕ್ಯವನ್ನು ಪದದಿಂದ ಪದಕ್ಕೆ ಓದುತ್ತಿದ್ದವು. ಮೂರನೆಯ ಪದದ ಲೆಕ್ಕ ಶುರುವಾಗಬೇಕಾದರೆ ಎರಡನೆಯದರ ಲೆಕ್ಕ ಮುಗಿದಿರಬೇಕು. ಸಾವಿರಾರು ಗುಣಾಕಾರಗಳನ್ನು ಒಟ್ಟಿಗೆ ಮಾಡಬಲ್ಲ ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್, ಅಷ್ಟು ಹೊತ್ತು ಕೈಕಟ್ಟಿ ಕೂರಬೇಕು. ಟ್ರಾನ್ಸ್‌ಫಾರ್ಮರ್ ಆ ಸರದಿಯನ್ನು ಕಿತ್ತುಹಾಕಿತು. ತರಬೇತಿಯ ಹೊತ್ತಿನಲ್ಲಿ ವಾಕ್ಯದ ಎಲ್ಲ ಪದಗಳೂ ಒಟ್ಟಿಗೇ ಒಂದನ್ನೊಂದು ನೋಡುತ್ತವೆ. ಆ ಪ್ರಬಂಧದ ದೊಡ್ಡ ಮಾದರಿ ಎಂಟು ಜಿಪಿಯುಗಳ ಮೇಲೆ ಮೂರೂವರೆ ದಿನದಲ್ಲಿ ತರಬೇತಿ ಮುಗಿಸಿತ್ತು. ಬೆಲೆಯೂ ಇದೆ: ಪಠ್ಯದ ಉದ್ದ ದ್ವಿಗುಣವಾದರೆ ಈ ನೋಟದ ಲೆಕ್ಕ ನಾಲ್ಕು ಪಟ್ಟಾಗುತ್ತದೆ.

ಆ ಬೆಲೆಯನ್ನು ತಗ್ಗಿಸಲು 2022ರಲ್ಲಿ ಬಂದ ಫ್ಲ್ಯಾಶ್‌ಅಟೆನ್ಶನ್ ಎಂಬ ವಿಧಾನವನ್ನು ಓದಿದಾಗ ಆದ ಖುಷಿ ಬೇರೆಯೇ. ಅದು ಲೆಕ್ಕವನ್ನು ಕಡಿಮೆ ಮಾಡುವುದಿಲ್ಲ. ಕೆಲವು ಮೊತ್ತಗಳನ್ನು ಉಳಿಸಿಟ್ಟುಕೊಳ್ಳುವ ಬದಲು ಎರಡನೇ ಸಲ ಹೊಸದಾಗಿ ಲೆಕ್ಕ ಹಾಕುತ್ತದೆ, ಅಂದರೆ ಕೆಲಸ ಇನ್ನೂ ಹೆಚ್ಚು. ಆದರೂ ಬೇಗ ಮುಗಿಯುತ್ತದೆ. ಕಾರಣ, ಜಿಪಿಯುವಿನಲ್ಲಿ ಸಮಯ ಹೋಗುತ್ತಿದ್ದುದು ಲೆಕ್ಕಕ್ಕಲ್ಲ, ದೊಡ್ಡದಾದ ನಿಧಾನ ಮೆಮೊರಿಗೂ ಚಿಪ್ಪಿನೊಳಗಿನ ಚಿಕ್ಕ ವೇಗದ ಮೆಮೊರಿಗೂ ನಡುವೆ ಡೇಟಾ ಹೊತ್ತು ತಿರುಗಾಡುವುದಕ್ಕೆ. ಇದು ಎರಡನೇ ವರ್ಷದ ಪಾಠ. ಮೆಮೊರಿ ಶ್ರೇಣಿ ಎಂಬ ಅಧ್ಯಾಯ. ಮಧ್ಯಾಹ್ನದ ತರಗತಿಯಲ್ಲಿ ಅರ್ಧ ಜನ ತೂಕಡಿಸುತ್ತಿದ್ದ ಅಧ್ಯಾಯ. ಕ್ಯಾಶ್ ಮೆಮೊರಿಯ ಲೆಕ್ಕಗಳನ್ನು ಪರೀಕ್ಷೆಗಾಗಿ ಉರುಹೊಡೆದವರ ಕೈಗೆ ಅವತ್ತೇ ಬೀಗದ ಕೈ ಸಿಕ್ಕಿತ್ತು, ಬೀಗ ಯಾವುದೆಂದು ಯಾರೂ ಹೇಳಿರಲಿಲ್ಲ. ಹೊಸ ತಂತ್ರಜ್ಞಾನಕ್ಕೆ ಪ್ರತ್ಯೇಕ ಪತ್ರಿಕೆ ಇಟ್ಟು, ಹಳೆಯ ವಿಷಯಗಳನ್ನು ಹಳೆಯದೆಂಬಂತೆಯೇ ಕಲಿಸುವ ಪದ್ಧತಿಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ.

ಪ್ರಬಂಧಗಳನ್ನು ಓದುವುದನ್ನು ಯಾರೂ ಕಲಿಸುವುದಿಲ್ಲ ಎಂಬುದು ಇನ್ನೊಂದು ತಕರಾರು. ಕಂಪ್ಯೂಟರ್ ವಿಜ್ಞಾನಿ ಎಸ್. ಕೇಶವ್ ಅವರು 2007ರಲ್ಲಿ ಇದರ ಬಗ್ಗೆಯೇ ಒಂದು ಪುಟ್ಟ ಪ್ರಬಂಧ ಬರೆದಿದ್ದಾರೆ. ಮೂರು ಸುತ್ತು ಓದಿ ಎನ್ನುತ್ತಾರೆ ಅವರು: ಮೊದಲ ಸುತ್ತಿನಲ್ಲಿ ಶೀರ್ಷಿಕೆ, ಸಾರಾಂಶ, ಪೀಠಿಕೆ, ಉಪಶೀರ್ಷಿಕೆ, ಸಮಾರೋಪ, ಎರಡನೆಯದರಲ್ಲಿ ಚಿತ್ರ, ಕೋಷ್ಟಕ, ವಾದದ ಜಾಡು, ಮೂರನೆಯದರಲ್ಲಿ ಲೇಖಕರ ಜಾಗದಲ್ಲಿ ಕೂತು ಆ ಕೆಲಸವನ್ನು ಮನಸ್ಸಿನಲ್ಲೇ ಮತ್ತೆ ಕಟ್ಟುವುದು. ನಾನು ಇದಕ್ಕೆ ನನ್ನದೊಂದು ಅಭ್ಯಾಸ ಸೇರಿಸಿಕೊಂಡಿದ್ದೇನೆ. ಫಲಿತಾಂಶದ ಕೋಷ್ಟಕದಲ್ಲಿ ಗೆದ್ದವರ ಸಾಲಿಗೆ ಮೊದಲು ಸೋತವರ ಸಾಲು ನೋಡುತ್ತೇನೆ. ಹೊಸ ವಿಧಾನವನ್ನು ಯಾವುದರ ಜೊತೆ ಹೋಲಿಸಿದ್ದಾರೆ, ಆ ಹಳೆಯ ವಿಧಾನಕ್ಕೂ ಅಷ್ಟೇ ಶ್ರಮ ಹಾಕಿ ಹದಗೊಳಿಸಿದ್ದಾರೆಯೇ ಎಂಬುದು ಬಹಳಷ್ಟು ಹೇಳುತ್ತದೆ.

ಪ್ರಬಂಧವನ್ನು ಯಂತ್ರಕ್ಕೆ ಕೊಟ್ಟು ಸಾರಾಂಶ ಪಡೆಯುವುದು ಈಗ ಎಲ್ಲರ ರೂಢಿ. ನಾನೂ ಮಾಡುತ್ತೇನೆ. ಆದರೆ ಗಮನಿಸಿದ ಸಂಗತಿಯೊಂದನ್ನು ಹೇಳಬೇಕು. ಲೇಖಕರು 'ಈ ಷರತ್ತಿನಲ್ಲಿ ಮಾತ್ರ', 'ಇಂಥ ಡೇಟಾದ ಮೇಲೆ' ಎಂದು ಹಿಂಜರಿದು ಬರೆದ ಮಾತುಗಳೇ ಸಾರಾಂಶದಲ್ಲಿ ಮೊದಲು ಉದುರುತ್ತವೆ. ಸಂಶೋಧನೆ ಮಾಡಲು ಜಾಗ ಇರುವುದು ಆ ಹಿಂಜರಿಕೆಗಳಲ್ಲೇ.

ಅಂಕಿಗಳು ಎಷ್ಟು ಸುಲಭವಾಗಿ ದಾರಿ ತಪ್ಪಿಸುತ್ತವೆ ಎಂಬುದಕ್ಕೆ ಕೋವಿಡ್ ಕಾಲಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಎದೆಯ ಎಕ್ಸ್-ರೇ ಮತ್ತು ಸಿ.ಟಿ. ಚಿತ್ರಗಳಿಂದ ಕೋವಿಡ್ ಪತ್ತೆ ಹಚ್ಚುವ ಯಂತ್ರಕಲಿಕೆಯ ಮಾದರಿಗಳು 2020ರಲ್ಲಿ ಪ್ರವಾಹದಂತೆ ಬಂದವು. ಅವುಗಳಲ್ಲಿ ಪರಿಶೀಲನೆಗೆ ಯೋಗ್ಯವೆನಿಸಿದ 62 ಅಧ್ಯಯನಗಳನ್ನು ಆರಿಸಿ ನೋಡಿದ ಒಂದು ವಿಮರ್ಶೆ 2021ರಲ್ಲಿ ನೇಚರ್ ಮಷೀನ್ ಇಂಟೆಲಿಜೆನ್ಸ್ ಪತ್ರಿಕೆಯಲ್ಲಿ ಬಂತು. ಚಿಕಿತ್ಸೆಯಲ್ಲಿ ಬಳಸಲು ಯೋಗ್ಯವಾದದ್ದು ಅವುಗಳಲ್ಲಿ ಒಂದೂ ಇರಲಿಲ್ಲ. ದೋಷಗಳಲ್ಲಿ ಒಂದಂತೂ ಮರೆಯಲಾಗದ್ದು. ಕೋವಿಡ್ ಇಲ್ಲದವರ ಚಿತ್ರಗಳು ಬೇಕೆಂದು ಹಲವರು ಸುಲಭಕ್ಕೆ ಸಿಗುತ್ತಿದ್ದ ನ್ಯುಮೋನಿಯಾ ಚಿತ್ರಸಂಗ್ರಹವೊಂದನ್ನು ಬಳಸಿದ್ದರು. ಅದರಲ್ಲಿದ್ದುದು ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್-ರೇ. ಕೋವಿಡ್ ರೋಗಿಗಳು ವಯಸ್ಕರು. ಅಂಥ ಮಾದರಿ ಮಕ್ಕಳ ಎದೆಗೂಡಿಗೂ ದೊಡ್ಡವರ ಎದೆಗೂಡಿಗೂ ಇರುವ ವ್ಯತ್ಯಾಸ ಕಲಿತರೂ ಸಾಕು, ಅಂಕ ಪೂರ್ತಿ ಸಿಗುತ್ತದೆ.

ಇದನ್ನು ಓದಿದ ಮೇಲೆ ನನ್ನ ಪ್ರಾಜೆಕ್ಟಿಗೆ ಹೊಸ ಮಾದರಿ ಕಟ್ಟುವ ಆಸೆ ಬಿಟ್ಟು, ಬೇರೆಯವರ ಫಲಿತಾಂಶವೊಂದನ್ನು ಮತ್ತೆ ಪಡೆಯಲು ಹೊರಟೆ. ವೈದ್ಯಕೀಯ ಚಿತ್ರಗಳದ್ದೇ ಒಂದು ಪ್ರಬಂಧ, ಕೋಡ್ ಕೂಡ ಸಾರ್ವಜನಿಕವಾಗಿತ್ತು. ಓಡಿಸಿದೆ, ಹೇಳಿದಷ್ಟೇ ನಿಖರತೆ ಬಂತು. ಆಮೇಲೆ ಡೇಟಾವನ್ನು ತರಬೇತಿಗೂ ಪರೀಕ್ಷೆಗೂ ಹೇಗೆ ಹಂಚಿದ್ದಾರೆಂದು ನೋಡಿದರೆ, ಚಿತ್ರಗಳನ್ನು ಯಾದೃಚ್ಛಿಕವಾಗಿ ಹಂಚಿದ್ದರು. ಒಬ್ಬನೇ ರೋಗಿಯ ಹಲವು ಚಿತ್ರಗಳಲ್ಲಿ ಕೆಲವು ಈ ಕಡೆ, ಕೆಲವು ಆ ಕಡೆ. ಚಿತ್ರಗಳ ಬದಲು ರೋಗಿಗಳನ್ನು ಹಂಚಿದಾಗ ನಿಖರತೆ ಕಣ್ಣಿಗೆ ರಾಚುವಷ್ಟು ಕುಸಿಯಿತು. ಯಾದೃಚ್ಛಿಕ ಸಂಖ್ಯೆಗಳ ಮೊದಲ ಬೀಜವನ್ನು ಬದಲಿಸುತ್ತ ಹೋದರೆ, ಎರಡು ವಿಧಾನಗಳ ನಡುವೆ ಪ್ರಬಂಧ ತೋರಿಸಿದ್ದ ಅಂತರ ಒಮ್ಮೆ ಇರುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು.

ಮೌಲ್ಯಮಾಪನಕ್ಕೆ ಬಂದವರೊಬ್ಬರು, "ಹಾಗಾದರೆ ನೀವು ಹೊಸದಾಗಿ ಏನು ಮಾಡಿದಿರಿ?" ಎಂದು ಕೇಳಿದರು. ಇದ್ದ ಅಂಕಿಯನ್ನು ಕೆಳಗಿಳಿಸಿದ ಪ್ರಾಜೆಕ್ಟಿಗೆ ಬಹುಮಾನ ಕೊಡುವ ಪದ್ಧತಿ ಎಲ್ಲೂ ಇಲ್ಲ. ಆದರೆ ಪದವಿ ಹಂತದಲ್ಲಿ ಇದಕ್ಕಿಂತ ಉಪಯುಕ್ತವಾದ ಕೆಲಸ ಅಪರೂಪ ಎಂದೇ ಈಗಲೂ ನನ್ನ ವಾದ. ದೊಡ್ಡ ಪ್ರಯೋಗಾಲಯಗಳ ಬಳಿ ಸಾವಿರಾರು ಜಿಪಿಯುಗಳಿವೆ, ನಮ್ಮಲ್ಲಿ ಇಲ್ಲ. ಅವರಿಗೆ ಮುಂದಿನ ಗಡುವಿನ ಆತುರವಿದೆ, ನಮಗೆ ಒಂದು ಇಡೀ ವರ್ಷವಿದೆ. ಬಿಡುವಾಗಿ ಅಳೆದು ನೋಡುವ ಸ್ವಾತಂತ್ರ್ಯ ವಿದ್ಯಾರ್ಥಿಗಲ್ಲದೆ ಇನ್ನಾರಿಗಿದೆ?

ಪದವಿ ವಿದ್ಯಾರ್ಥಿಗಳು ದೊಡ್ಡದನ್ನು ಮಾಡಿಯೇ ಇಲ್ಲ ಎಂದೇನಲ್ಲ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿಯೂ ಬೇಗನೆಯೂ ಹೇಳುವ ಅಲ್ಗಾರಿದಮ್ 2002ರಲ್ಲಿ ಐಐಟಿ ಕಾನ್ಪುರದಿಂದ ಬಂತು. ಮಣೀಂದ್ರ ಅಗ್ರವಾಲ್ ಅವರೊಂದಿಗೆ ಅದನ್ನು ಬರೆದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಆಗಷ್ಟೇ ಬಿ.ಟೆಕ್. ಮುಗಿಸಿದ್ದರು, ಆ ಕೆಲಸದ ಬೇರು ಅವರ ಪದವಿ ಪ್ರಾಜೆಕ್ಟಿನಲ್ಲಿತ್ತು.

ನನಗೆ ಇನ್ನೂ ಹತ್ತಿರವೆನಿಸುವುದು ಈವಿನ್ ಟ್ಯಾಂಗ್ ಅವರ ಕೆಲಸ. ಗ್ರಾಹಕರಿಗೆ ಏನು ಇಷ್ಟವಾಗಬಹುದೆಂದು ಊಹಿಸಿ ಶಿಫಾರಸು ಮಾಡುವ ಸಮಸ್ಯೆಗೆ ಕೆರೆನಿಡಿಸ್ ಮತ್ತು ಪ್ರಕಾಶ್ ಎಂಬ ಇಬ್ಬರು ಸಂಶೋಧಕರು 2016ರಲ್ಲಿ ಕ್ವಾಂಟಂ ಅಲ್ಗಾರಿದಮ್ ಒಂದನ್ನು, ಅಂದರೆ ಕ್ವಾಂಟಂ ಭೌತಶಾಸ್ತ್ರದ ನಿಯಮಗಳಿಂದ ಲೆಕ್ಕ ಮಾಡುವ ಕಂಪ್ಯೂಟರಿಗೆಂದು ಬರೆದ ವಿಧಾನವನ್ನು, ಕೊಟ್ಟಿದ್ದರು. ಗೊತ್ತಿದ್ದ ಯಾವ ಸಾಮಾನ್ಯ ಅಲ್ಗಾರಿದಮ್‌ಗಿಂತಲೂ ಅದು ಘಾತೀಯವಾಗಿ ವೇಗದ್ದು. ಕ್ವಾಂಟಂ ಯಂತ್ರಕಲಿಕೆಯ ಭರವಸೆಗೆ ಅದು ಮುಖ್ಯ ಸಾಕ್ಷಿಯೂ ಆಗಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದ ಟ್ಯಾಂಗ್ ಅವರಿಗೆ ಅಲ್ಲಿನ ಪ್ರಾಧ್ಯಾಪಕ ಸ್ಕಾಟ್ ಆ್ಯರನ್‌ಸನ್ ಕೊಟ್ಟ ಕೆಲಸ, ಸಾಮಾನ್ಯ ಕಂಪ್ಯೂಟರ್‌ನಲ್ಲಿ ಇಷ್ಟು ವೇಗ ಸಾಧ್ಯವೇ ಇಲ್ಲ ಎಂದು ಸಾಧಿಸುವುದು. ಅಸಾಧ್ಯವೆಂದು ಸಾಧಿಸಲು ಹೊರಟವರಿಗೆ ಅದು ಸಾಧ್ಯವಾಗುವ ದಾರಿಯೇ ಕಾಣತೊಡಗಿತು. ಆ ಕ್ವಾಂಟಂ ಅಲ್ಗಾರಿದಮ್ ಡೇಟಾವನ್ನು ಒಂದು ವಿಶೇಷ ರಚನೆಯಲ್ಲಿ ಇಟ್ಟುಕೊಂಡಿರಬೇಕೆಂದು ಬಯಸುತ್ತಿತ್ತು. ಅದೇ ರಚನೆಯನ್ನು ಸಾಮಾನ್ಯ ಕಂಪ್ಯೂಟರಿಗೂ ಕೊಟ್ಟರೆ, ಜಾಣತನದಿಂದ ಮಾದರಿಗಳನ್ನು ಆಯ್ದು ಅದೂ ಘಾತೀಯವಾಗಿ ಹಿಂದೆ ಬೀಳದೆ ಓಡಬಲ್ಲದು. ಕೆರೆನಿಡಿಸ್ ಮತ್ತು ಪ್ರಕಾಶ್ ಇದ್ದ ಸಭೆಯಲ್ಲೇ, ಪರಿಣತರ ಎದುರು, ಟ್ಯಾಂಗ್ ತಮ್ಮ ವಾದ ಮಂಡಿಸಿದರು. 2018ರಲ್ಲಿ ಅದು ಪ್ರಕಟವಾದಾಗ ಅವರ ವಯಸ್ಸು 18.

'ಹದಿನೆಂಟರ ಪ್ರತಿಭೆ' ಎಂದು ಇದನ್ನು ಹೇಳಿಬಿಟ್ಟರೆ ಮುಖ್ಯವಾದದ್ದು ಕೈಜಾರುತ್ತದೆ. ಅಲ್ಲಿ ನಡೆದದ್ದು ನಮ್ಮ ಅಧ್ಯಾಪಕರ ಪ್ರಶ್ನೆಯ ಇನ್ನೊಂದು ಮುಖ: ಈ ವೇಗ ಕ್ವಾಂಟಂನಿಂದ ಬಂತೋ, ಜೊತೆಯಲ್ಲಿ ಸದ್ದಿಲ್ಲದೆ ಒಳಬಂದ ಡೇಟಾ ರಚನೆಯಿಂದ ಬಂತೋ? ತಡೆಯನ್ನು ಸರಿಸಿದ್ದು ಯಾವುದು ಎಂಬುದನ್ನು ಬಿಡಿಸಿ ನೋಡಿದ್ದರಿಂದಲೇ ಉತ್ತರ ಬಂತು.

2025ರ ಆರಂಭದಲ್ಲಿ ಆ್ಯಂಡ್ರೂ ಕ್ರಾಪಿವಿನ್ ಇಬ್ಬರು ಹಿರಿಯರೊಂದಿಗೆ ಪ್ರಕಟಿಸಿದ, ಡೇಟಾವನ್ನು ಬೇಗ ಹುಡುಕಲಾಗುವಂತೆ ಜೋಡಿಸಿಡುವ ಹ್ಯಾಶ್ ಟೇಬಲ್ ಬಗೆಗಿನ ಪ್ರಬಂಧವೂ ಸುದ್ದಿಯಾಯಿತು. ಅದರ ಮೊಳಕೆ ಅವರು ಪದವಿ ವಿದ್ಯಾರ್ಥಿಯಾಗಿದ್ದಾಗಿನದು. ಕಂಪ್ಯೂಟರ್ ವಿಜ್ಞಾನಿ ಆ್ಯಂಡ್ರೂ ಯಾವೊ 1985ರಲ್ಲಿ ಮುಂದಿಟ್ಟಿದ್ದ ಊಹೆಯೊಂದನ್ನು ಅದು ತಪ್ಪೆಂದು ತೋರಿಸಿತು. ಆ ಊಹೆಯ ವಿಷಯ ತಮಗೆ ಗೊತ್ತೇ ಇರಲಿಲ್ಲ ಎಂದು ಕ್ರಾಪಿವಿನ್ ಹೇಳಿದ್ದೇ ತಡ, 'ಓದದಿರುವುದೇ ಒಳ್ಳೆಯದು' ಎಂಬ ಉಪದೇಶ ಎಲ್ಲೆಡೆ ಹರಿದಾಡಿತು. ಹಾಸ್ಟೆಲಿನ ಸೋಮಾರಿಗಳಿಗೆ ಇಷ್ಟು ಹಿತವಾದ ಸುದ್ದಿ ಇನ್ನೊಂದಿರಲಾರದು. ಅವರು ಆ ದಾರಿಗೆ ಬಂದದ್ದು ಬೇರೊಂದು ಪ್ರಬಂಧವನ್ನು ಆಳವಾಗಿ ಓದಿ, ಅದನ್ನು ಮುಂದಕ್ಕೆ ಎಳೆಯಲು ನೋಡಿದಾಗ ಎಂಬುದು ಮಾತ್ರ ಆ ಉಪದೇಶದಲ್ಲಿ ಇರಲಿಲ್ಲ. ಅಂದಹಾಗೆ ಹ್ಯಾಶ್ ಟೇಬಲ್ 1950ರ ದಶಕದ್ದು. ಯಾವ ಉದಯೋನ್ಮುಖ ಪಟ್ಟಿಯಲ್ಲೂ ಅದರ ಹೆಸರಿಲ್ಲ.

ಕ್ವಾಂಟಂ ಕಂಪ್ಯೂಟರ್‌ಗಳ ಬಗ್ಗೆ ಸೆಮಿನಾರ್ ಮಾಡುವವರು 2019ರ ಗೂಗಲ್ ಪ್ರಯೋಗವನ್ನು ತಪ್ಪದೆ ಹೇಳುತ್ತಾರೆ: 53 ಕ್ಯೂಬಿಟ್‌ಗಳ (ಕ್ವಾಂಟಂ ಬಿಟ್‌ಗಳ) ಸೈಕಮೋರ್ ಚಿಪ್ 200 ಸೆಕೆಂಡುಗಳಲ್ಲಿ ಮಾಡಿದ್ದನ್ನು ಸೂಪರ್‌ಕಂಪ್ಯೂಟರ್ ಮಾಡಲು 10,000 ವರ್ಷ ಬೇಕು ಎಂಬ ಹೇಳಿಕೆ. ಸರಿಯಾಗಿ ಯೋಜಿಸಿದರೆ ಎರಡೂವರೆ ದಿನ ಸಾಕು ಎಂದು ಐಬಿಎಂ ಉತ್ತರಿಸಿದ್ದನ್ನು ಹೇಳುವವರು ಕಡಿಮೆ. ನನ್ನ ಕುತೂಹಲ ಹೊರಳಿದ್ದು ಇನ್ನೊಂದು ಕಡೆಗೆ. ದೊಡ್ಡ ಕ್ವಾಂಟಂ ಕಂಪ್ಯೂಟರ್ ಇದ್ದರೆ ಈಗಿನ ಹಲವು ಗೂಢಲಿಪಿಗಳನ್ನು ಒಡೆಯಬಹುದೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದರು. ಅಂಥ ಯಂತ್ರ ಇನ್ನೂ ಬಂದಿಲ್ಲ. ಆದರೆ ಇವತ್ತು ಕದ್ದು ಕೂಡಿಟ್ಟ ಗುಟ್ಟಿನ ಸಂದೇಶಗಳನ್ನು ಅದು ಬಂದ ಮೇಲೆ ತೆರೆಯಬಹುದಷ್ಟೆ. ಹೀಗಾಗಿ ಯಂತ್ರಕ್ಕಿಂತ ಮೊದಲೇ ಅದಕ್ಕೆ ಬೇಲಿ ಸಿದ್ಧವಾಗಿದೆ. ಕ್ವಾಂಟಂ ದಾಳಿಯನ್ನು ತಾಳಬಲ್ಲ ಗೂಢಲಿಪಿ ವಿಧಾನಗಳ ಮೊದಲ ಮೂರು ಮಾನಕಗಳನ್ನು ಮಾನಕಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಅಂತಿಮಗೊಳಿಸಿತು.

ಈ ಹೊಸ ವಿಧಾನಗಳು ಬಳಕೆಗೆ ಬರುವುದನ್ನು ತಡೆಯುವುದು ಏನು ಎಂದು ಕೇಳಿದಾಗ ಸಿಕ್ಕ ಉತ್ತರ ಬೈಟ್‌ಗಳಲ್ಲಿತ್ತು. ಬ್ರೌಸರ್ ಮತ್ತು ಸರ್ವರ್ ಗುಟ್ಟಿನ ಕೀಲಿಯೊಂದನ್ನು ಒಪ್ಪಿಕೊಳ್ಳಲು ಈಗ ವ್ಯಾಪಕವಾಗಿ ಬಳಸುವ ಎಕ್ಸ್25519 ವಿಧಾನದಲ್ಲಿ ಕಳುಹಿಸಬೇಕಾದ ಸಾರ್ವಜನಿಕ ಕೀಲಿ 32 ಬೈಟ್. ನಿಸ್ಟ್‌ನ ಹೊಸ ಮಾನಕದ ಎಂಎಲ್-ಕೆಇಎಂ-768ರಲ್ಲಿ 1,184 ಬೈಟ್. ಲೆಕ್ಕದ ವೇಗದಲ್ಲಿ ಹೊಸದು ಹಿಂದೆ ಬೀಳುವುದಿಲ್ಲ. ಹೊರೆ ಇರುವುದು ಸಾಗಣೆಯಲ್ಲಿ. ಈಥರ್ನೆಟ್ ಜಾಲದಲ್ಲಿ ಒಂದು ಪ್ಯಾಕೆಟ್, ಅಂದರೆ ಒಮ್ಮೆಗೆ ಸಾಗುವ ಡೇಟಾದ ಕಟ್ಟು, ಸಾಮಾನ್ಯವಾಗಿ 1,500 ಬೈಟ್ ಮೀರುವುದಿಲ್ಲ. ಹಳೆಯ ಕೀಲಿ, ಹೊಸ ಕೀಲಿ ಎರಡನ್ನೂ ಜೊತೆಗಿಟ್ಟರೆ ಬ್ರೌಸರಿನ ಮೊದಲ ಸಂದೇಶವೇ ಒಂದು ಪ್ಯಾಕೆಟ್ಟಿಗೆ ಹಿಡಿಸದೆ ಎರಡಾಗುತ್ತದೆ.

ಇದನ್ನು ಅಳೆಯಲು ಕ್ವಾಂಟಂ ಕಂಪ್ಯೂಟರ್ ಬೇಕಿಲ್ಲ, ಭೌತಶಾಸ್ತ್ರವೂ ಬೇಕಿಲ್ಲ. ಓಪನ್ ಕ್ವಾಂಟಂ ಸೇಫ್ ಯೋಜನೆಯ ಉಚಿತ ಕೋಡ್ ಇದೆ. ಬೇಕೆಂದೇ ಪ್ಯಾಕೆಟ್‌ಗಳನ್ನು ತಡಮಾಡುವ, ಬೀಳಿಸುವ ಸೌಲಭ್ಯ ಲಿನಕ್ಸ್‌ನಲ್ಲೇ ಇದೆ. ಪ್ರಯೋಗಾಲಯದ ಎರಡು ಹಳೆಯ ಕಂಪ್ಯೂಟರ್‌ಗಳನ್ನು ಎದುರುಬದುರು ಜೋಡಿಸಿ ಅಳೆದಾಗ, ಜಾಲ ಚೆನ್ನಾಗಿದ್ದರೆ ಎರಡು ವಿಧಾನಗಳ ನಡುವಿನ ವ್ಯತ್ಯಾಸ ಕಾಣುವುದೇ ಕಷ್ಟವಾಗಿತ್ತು. ಪ್ಯಾಕೆಟ್ ನಷ್ಟ ಹೆಚ್ಚಿಸುತ್ತ ಹೋದಂತೆ ಸರಾಸರಿ ಅಷ್ಟೇನೂ ಕೆಡಲಿಲ್ಲ, ಆದರೆ ಅತಿ ನಿಧಾನವಾದ ಕೆಲವು ಸಂಪರ್ಕಗಳು ಇನ್ನಷ್ಟು ನಿಧಾನವಾದವು. ಸರಾಸರಿಯನ್ನಷ್ಟೇ ಬರೆದು ಮುಗಿಸುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಹೊರಜಗತ್ತಿನಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯಕರ. 2024ರಲ್ಲಿ ಕ್ರೋಮ್ ಬ್ರೌಸರ್ ಈ ಜೋಡಿ ಕೀಲಿಯನ್ನು ತಾನಾಗಿಯೇ ಕಳುಹಿಸಲು ಶುರುಮಾಡಿದಾಗ ಕೆಲವು ಸರ್ವರ್‌ಗಳು ಸಂಪರ್ಕವನ್ನೇ ಕಡಿದುಹಾಕಿದವು. ಹೊಸ ಗಣಿತದಲ್ಲಿ ದೋಷವಿರಲಿಲ್ಲ. ಮೊದಲ ಸಂದೇಶ ಒಂದೇ ಓದಿಗೆ ಪೂರ್ತಿ ಸಿಕ್ಕಿಬಿಡುತ್ತದೆ ಎಂದು ಅವುಗಳ ಕೋಡ್ ಬರೆದವರು ಭಾವಿಸಿದ್ದರು. ಅಂತರಜಾಲದಲ್ಲಿ ಡೇಟಾ ಸಾಗಿಸುವ ಟಿಸಿಪಿ ಎಂಬ ನಿಯಮಾವಳಿ ಕೊಡುವುದು ಬೈಟ್‌ಗಳ ಹರಿವು, ಸಂದೇಶಗಳ ಕಟ್ಟಲ್ಲ. ಒಂದು ಓದಿಗೆ ಎಷ್ಟು ಸಿಗುತ್ತದೆಂದು ಹೇಳಲಾಗದು, ಪೂರ್ತಿ ಬರುವವರೆಗೆ ಓದುತ್ತಲೇ ಇರಬೇಕು. ಇದು ನೆಟ್‌ವರ್ಕ್ ಪ್ರಯೋಗಾಲಯದ ಆರಂಭದ ಪಾಠಗಳಲ್ಲೊಂದು. ಕ್ವಾಂಟಂ ಯುಗಕ್ಕೆಂದು ಕಟ್ಟಿದ ಗೂಢಲಿಪಿ ಎಡವಿದ್ದು ಈ ಪಾಠದ ಮೇಲೆ.

ಕೀಲಿಯ ಕಥೆ ಇಷ್ಟಾದರೆ ಸಹಿಯದು ಇನ್ನೂ ಬಾಕಿ ಇದೆ. ಎಡ್25519 ವಿಧಾನದ ಡಿಜಿಟಲ್ ಸಹಿ 64 ಬೈಟ್. ಹೊಸ ಎಂಎಲ್-ಡಿಎಸ್ಎ-44ರ ಸಹಿ 2,420 ಬೈಟ್. ಒಂದು ಜಾಲತಾಣವನ್ನು ತೆರೆದಾಗ ಪ್ರಮಾಣಪತ್ರಗಳ ಸರಪಳಿಯಲ್ಲಿ ಇಂಥ ಸಹಿಗಳು ಒಂದಲ್ಲ, ಹಲವು ಬರುತ್ತವೆ. ಜೊತೆಗೆ ಅವುಗಳ ಕೀಲಿಗಳೂ ಬರುತ್ತವೆ. ಈ ಭಾರವನ್ನು ಸಣ್ಣ ಸಾಧನಗಳು, ದುರ್ಬಲ ಸಂಪರ್ಕಗಳು ಎಲ್ಲಿಯವರೆಗೆ ಹೊರುತ್ತವೆ ಎಂಬುದನ್ನು ಈಗ ಅಳೆಯುತ್ತಿದ್ದೇನೆ. ಕಿರಿಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಆ ಎರಡು ಹಳೆಯ ಕಂಪ್ಯೂಟರ್‌ಗಳು ಇನ್ನೂ ಓಡುತ್ತಿವೆ, ಮಾಡಬೇಕಾದ ಅಳತೆಗಳು ಬೇಕಾದಷ್ಟಿವೆ.